ಗುಳ್ಳೆಗಳು ಓಡಲಿ, ಮೌಸ್ ನಿಮ್ಮ ಕೈಯಲ್ಲಿರಲಿ



ಟಿವಿ ಪರದೆ ಮೇಲೆ ದಿನಕ್ಕೆ ನೂರಾರು ಅಂಕಿ ಬಂದು ಹೋಗುತ್ತವೆ. ಹಣದುಬ್ಬರ ಇಷ್ಟು, ನಿರುದ್ಯೋಗ ಅಷ್ಟು, ಯಾವುದೋ ಸೂಚ್ಯಂಕದಲ್ಲಿ ಭಾರತದ ಸ್ಥಾನ ಇಷ್ಟನೇದು. ಕೆಂಪು ಪಟ್ಟಿ, ದೊಡ್ಡ ಅಕ್ಷರ, ಐದು ಸೆಕೆಂಡು, ಮುಗೀತು. ಆದ್ರೆ ಒಂಟಿ ಅಂಕಿ ಅಂದ್ರೆ ಏನು ಗೊತ್ತಾ? ಓಡ್ತಿರೋ ಬಸ್ಸಿನ ಒಂದು ಫೋಟೊ ಇದ್ದ ಹಾಗೆ. ಬಸ್ಸು ಎಲ್ಲಿದೆ ಅಂತ ಫೋಟೊ ಹೇಳುತ್ತೆ. ಎಲ್ಲಿಂದ ಹೊರಟಿತ್ತು, ಎಷ್ಟು ವೇಗದಲ್ಲಿದೆ, ಮುಂದಿರೋ ಬಸ್ಸನ್ನ ಹಿಂದೆ ಹಾಕುತ್ತಾ, ಇದ್ಯಾವುದೂ ಅದರಲ್ಲಿ ಇರೋದಿಲ್ಲ. ನಮ್ಮ ಅರ್ಧಕ್ಕರ್ಧ ಜಗಳಗಳು ಇಂಥ ಫೋಟೊ ಹಿಡ್ಕೊಂಡೇ ನಡೆಯುತ್ತವೆ.

ಫೋಟೊ ಬದಲು ವಿಡಿಯೊ ನೋಡಬೇಕು ಅಂದ್ರೆ? ಅದಕ್ಕೊಂದು ದಾರಿಯಿದೆ. ಓಡುವ ಗುಳ್ಳೆಗಳ ಗ್ರಾಫ್. ಇಂಗ್ಲಿಷಿನಲ್ಲಿ ಮೋಷನ್ ಚಾರ್ಟ್ ಅಂತಾರೆ. ಇದನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. ಈ ಮನುಷ್ಯನಿಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. 1972ರಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಅವರು ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿಗೆ ಬಂದು ಓದಿದ್ದರು. ತರಗತಿಯಲ್ಲಿ ಒಂದು ಕಿಡ್ನಿ ಎಕ್ಸ್‌ರೇ ಇಟ್ಟು ಪ್ರಶ್ನೆ ಕೇಳಿದಾಗ ಇಲ್ಲಿನ ಹುಡುಗರು ಪಟಪಟನೆ ಕೊಟ್ಟ ಉತ್ತರ ಕೇಳಿ, ತಾನೆಲ್ಲೋ ತಪ್ಪಿ ತಜ್ಞರ ತರಗತಿಗೆ ಬಂದುಬಿಟ್ಟೆ ಅಂದುಕೊಂಡರಂತೆ. ಆಮೇಲೆ ನೋಡಿದ್ರೆ ಅವರೂ ಇವರ ಹಾಗೇ ನಾಲ್ಕನೇ ವರ್ಷದವರು! ಪಶ್ಚಿಮವೇ ಮುಂದು, ಉಳಿದವರು ಯಾವತ್ತೂ ಹಿಂದೆ ಅನ್ನೋ ನಂಬಿಕೆಗೆ ಅಲ್ಲೇ ಪೆಟ್ಟು ಬಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ.

ಮುಂದೆ ಅವರು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳಿಗೆ ಐದು ಜೋಡಿ ದೇಶಗಳನ್ನು ಕೊಟ್ಟು, ಪ್ರತಿ ಜೋಡಿಯಲ್ಲಿ ಶಿಶುಮರಣ ಎಲ್ಲಿ ಹೆಚ್ಚು ಅಂತ ಕೇಳಿದರು. ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಎರಡೂವರೆ ಉತ್ತರ ಸರಿಯಾಗಬೇಕು. ಆ ಬುದ್ಧಿವಂತ ಹುಡುಗರ ಸರಾಸರಿ 1.8. ಅಂದ್ರೆ ಸಮಸ್ಯೆ ಅಜ್ಞಾನದ್ದಲ್ಲ. ಏನೂ ಗೊತ್ತಿಲ್ಲದಿದ್ರೆ ಎರಡೂವರೆ ಬರ್ತಿತ್ತು. ತಲೆಯಲ್ಲಿ ಹಳೇ ಫೋಟೊ ಅಂಟಿಕೊಂಡಿತ್ತು, ಅದಕ್ಕೇ ಕಡಿಮೆ ಬಂತು. ಇಂಥ ಫೋಟೊ ಕೀಳೋಕೆ ಮಗ ಊಲಾ, ಸೊಸೆ ಅನ್ನಾ ಜತೆ ಸೇರಿ ಅವರು ಬಳಸಿದ ಅಸ್ತ್ರವೇ ಟ್ರೆಂಡಲೈಸರ್ ಅನ್ನೋ ಸಾಫ್ಟ್‌ವೇರ್. 2006ರ ಟೆಡ್ ಭಾಷಣದಲ್ಲಿ ಅದನ್ನು ತೋರಿಸಿದರು. 2007ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಈಗ ವಿಷಯಕ್ಕೆ ಬರೋಣ. ಈ ಗ್ರಾಫ್ ಓದೋದು ಹೇಗೆ?

ಶಾಲೆಯಲ್ಲಿ ನಾವೆಲ್ಲ ಬರೆದ ಗ್ರಾಫ್‌ನಲ್ಲಿ ಎರಡು ಸಂಗತಿ ಇರ್ತಿತ್ತು. ಅಡ್ಡ ಗೆರೆಗೆ ಒಂದು, ಉದ್ದ ಗೆರೆಗೆ ಒಂದು. ಇಲ್ಲಿ ಒಂದೇ ಸಲಕ್ಕೆ ಐದು ಸಂಗತಿ ಇವೆ. ರೋಸ್ಲಿಂಗ್ ಅವರ ಹೆಸರಾಂತ ಗ್ರಾಫನ್ನೇ ತಗೊಳ್ಳಿ. ಅಡ್ಡ ಗೆರೆಯಲ್ಲಿ ಆ ದೇಶದ ತಲಾ ಆದಾಯ. ಉದ್ದ ಗೆರೆಯಲ್ಲಿ ಸರಾಸರಿ ಆಯಸ್ಸು. ಒಂದು ಗುಳ್ಳೆ ಅಂದ್ರೆ ಒಂದು ದೇಶ. ಗುಳ್ಳೆಯ ಗಾತ್ರ ಜನಸಂಖ್ಯೆ, ಬಣ್ಣ ಯಾವ ಖಂಡ ಅನ್ನೋದು. ಇವು ನಾಲ್ಕಾದವು. ಐದನೆಯದು ಕಾಲ. ಅದನ್ನು ಕಾಗದದ ಮೇಲೆ ಗುಳ್ಳೆಗಳ ಜತೆ ಹೀಗೆ ತೋರಿಸೋದು ಕಷ್ಟ. ಹಾಗಾಗಿ ಗುಳ್ಳೆಗಳನ್ನೇ ಓಡಿಸಿದರು. ಪ್ಲೇ ಬಟನ್ ಒತ್ತಿದರೆ ಇಸವಿ ಬದಲಾಗುತ್ತೆ, ಗುಳ್ಳೆಗಳು ಹೊರಡುತ್ತವೆ.

ಇಲ್ಲೊಂದು ಸೂಕ್ಷ್ಮ ಇದೆ. ಆದಾಯದ ಗೆರೆಯಲ್ಲಿ ಸಾವಿರದಿಂದ ಎರಡು ಸಾವಿರಕ್ಕೆ ಇರುವಷ್ಟೇ ದೂರ ಹತ್ತು ಸಾವಿರದಿಂದ ಇಪ್ಪತ್ತು ಸಾವಿರಕ್ಕೂ ಇರುತ್ತೆ. ಇದು ಲಾಗ್ ಸ್ಕೇಲ್. ಇಂಜಿನಿಯರಿಂಗ್ ಓದಿದವರಿಗೆ ಸೆಮಿಲಾಗ್ ಶೀಟ್ ನೆನಪಾಗುತ್ತೆ. ಯಾಕೆ ಹೀಗೆ? ತಿಂಗಳಿಗೆ ಐದು ಸಾವಿರ ದುಡಿಯೋ ಮನೆಗೆ ಇನ್ನೈದು ಸಾವಿರ ಸೇರಿದರೆ ಬದುಕೇ ಬದಲಾಗುತ್ತೆ. ಲಕ್ಷ ದುಡಿಯೋರಿಗೆ ಅದೇ ಐದು ಸಾವಿರ ಲೆಕ್ಕಕ್ಕೇ ಬರಲ್ಲ. ಎಷ್ಟು ರೂಪಾಯಿ ಹೆಚ್ಚಾಯ್ತು ಅನ್ನೋದಕ್ಕಿಂತ ಎಷ್ಟು ಪಟ್ಟು ಆಯ್ತು ಅನ್ನೋದು ಮುಖ್ಯ. ಲಾಗ್ ಸ್ಕೇಲ್ ಅಳೆಯೋದು ಅದನ್ನೇ.

ಪ್ಲೇ ಒತ್ತೋಣ. 1800ನೇ ಇಸವಿ. ಎಲ್ಲ ದೇಶಗಳೂ ಕೆಳಗೆ, ಎಡಮೂಲೆಯಲ್ಲಿ ಗುಂಪಾಗಿವೆ. ಸರಾಸರಿ ಆಯಸ್ಸು ಎಲ್ಲೂ 40 ದಾಟಿಲ್ಲ. ಕೈಗಾರಿಕಾ ಕ್ರಾಂತಿ ಬಂತು, ಯುರೋಪಿನ ಗುಳ್ಳೆಗಳು ಬಲಕ್ಕೂ ಮೇಲಕ್ಕೂ ಹೊರಟವು. ನಾವು ಅಲ್ಲೇ ಉಳಿದೆವು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಗುಳ್ಳೆಗಳು ದಬದಬನೆ ಕೆಳಗೆ ಬಿದ್ದು ಮತ್ತೆ ಎದ್ದವು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಅಲ್ಲಿಂದ ನಮ್ಮ ದೊಡ್ಡ ಗುಳ್ಳೆ ನಿಧಾನಕ್ಕೆ ಏರುತ್ತಾ ಬಂದು ಈಗ 70ರ ಹತ್ತಿರ ನಿಂತಿದೆ. ಚೀನಾದ ಗುಳ್ಳೆ 1960ರ ಆಸುಪಾಸಿನಲ್ಲಿ ಧಡ್ ಅಂತ ಬೀಳುತ್ತೆ. ಅದು ಮಹಾಕ್ಷಾಮ. ಆಮೇಲೆ ಅದು ಮೊದಲು ಮೇಲಕ್ಕೆ ಹೋಗುತ್ತೆ, 1978ರ ಆರ್ಥಿಕ ಸುಧಾರಣೆ ನಂತರ ಬಲಕ್ಕೆ ಓಡುತ್ತೆ. ಮೊದಲು ಆರೋಗ್ಯ, ಆಮೇಲೆ ದುಡ್ಡು. ಪುಟಗಟ್ಟಲೆ ಅಂಕಿಪಟ್ಟಿ ನೋಡಿದರೂ ಈ ದಾರಿ ಕಣ್ಣಿಗೆ ಹೀಗೆ ಹೊಡೆಯಲ್ಲ.

ಇದು ದೂರದ ಕಥೆ ಆಯ್ತು. ನಮ್ಮ ಮನೆ ಬಾಗಿಲಿಗೆ ಬಂದಿರೋ ಒಂದು ಜಗಳಕ್ಕೆ ಇದನ್ನು ಹಚ್ಚಿ ನೋಡೋಣ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ.

ರಾಜ್ಯಗಳಿಗೆ ಲೋಕಸಭೆಯಲ್ಲಿ ಎಷ್ಟು ಸೀಟು ಅನ್ನೋದು 1971ರ ಜನಗಣತಿ ಲೆಕ್ಕದ ಮೇಲೆ ನಿಂತಿದೆ. 1976ರ 42ನೇ ತಿದ್ದುಪಡಿ ಅದನ್ನು ತಡೆಹಿಡಿಯಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದೂಡಿತು. ಜನಸಂಖ್ಯೆ ನಿಯಂತ್ರಿಸಿದ ನಮಗೇ ಶಿಕ್ಷೆಯಾ ಅಂತ ದಕ್ಷಿಣದವರು ಕೇಳ್ತಾರೆ. ಒಬ್ಬ ಪ್ರಜೆಗೆ ಒಂದು ಮತ, ಅದರ ಬೆಲೆ ಎಲ್ಲೆಡೆ ಒಂದೇ ಇರಬೇಕಲ್ವಾ ಅಂತ ಉತ್ತರದವರು ಕೇಳ್ತಾರೆ. ಈ ಮಾತಿನ ಭರದಲ್ಲಿ "ಅವರು ಯಾವತ್ತೂ ಬದಲಾಗಲ್ಲ ಬಿಡಿ" ಅನ್ನೋ ಒಂದು ಮಾತೂ ನುಸುಳಿಬಿಡುತ್ತೆ.

ಗ್ರಾಫ್ ಏನು ಹೇಳುತ್ತೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಹಾಕೋಣ. ಉದ್ದ ಗೆರೆಯಲ್ಲಿ ಫಲವತ್ತತೆ ದರ, ಅಂದ್ರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು. ಅಡ್ಡ ಗೆರೆಯಲ್ಲಿ ಮಹಿಳಾ ಸಾಕ್ಷರತೆ ಇಡಿ. ಪ್ಲೇ ಒತ್ತಿ. 1992-93ರಲ್ಲಿ ಉತ್ತರ ಪ್ರದೇಶ 4.8, ಕರ್ನಾಟಕ 2.9, ಕೇರಳ 2. 2005-06ಕ್ಕೆ ಉತ್ತರ ಪ್ರದೇಶ 3.8, ಕರ್ನಾಟಕ 2.1. 2015-16ಕ್ಕೆ ಉತ್ತರ ಪ್ರದೇಶ 2.7, ಕರ್ನಾಟಕ 1.8. 2019-21ಕ್ಕೆ 2.4 ಮತ್ತು 1.7. ಇಡೀ ದೇಶದ್ದು 3.4ರಿಂದ 2ಕ್ಕೆ ಬಂದಿದೆ. ಜನಸಂಖ್ಯೆ ಒಂದೇ ಮಟ್ಟದಲ್ಲಿ ನಿಲ್ಲೋಕೆ ಬೇಕಾದ ದರ 2.1. ಅಂದ್ರೆ ದೇಶವಾಗಿ ನಾವು ಅದಕ್ಕಿಂತ ಕೆಳಗಿದ್ದೇವೆ.

ಈಗ ಸ್ಲೈಡರ್ ಹಿಂದಕ್ಕೆ ಎಳೆದು ನೋಡಿ. 1992-93ರ ಕರ್ನಾಟಕ 2.9. 2015-16ರ ಉತ್ತರ ಪ್ರದೇಶ 2.7. ನಾವು ಅಂದು ಹಾದುಹೋದ ನಿಲ್ದಾಣಕ್ಕೆ ಅವರು ಸುಮಾರು ಇಪ್ಪತ್ತು ವರ್ಷ ತಡವಾಗಿ ಬಂದಿದ್ದಾರೆ. ಬಸ್ಸು ಬೇರೆ, ಹೊರಟ ಹೊತ್ತು ಬೇರೆ, ರೂಟು ಒಂದೇ. 2019-21ರಲ್ಲಿ 3ರಲ್ಲಿದ್ದ ಬಿಹಾರವೂ ಅದೇ ರೂಟಿನಲ್ಲಿ ಇನ್ನೂ ಹಿಂದಿದೆ. "ಬದಲಾಗಲ್ಲ" ಅನ್ನೋ ಮಾತು ಇಲ್ಲಿ ನಿಲ್ಲೋದಿಲ್ಲ. ಹಾಗಂತ ದಕ್ಷಿಣದ ಆತಂಕ ಸುಳ್ಳಾ? ಅದೂ ಅಲ್ಲ. ಆ ಇಪ್ಪತ್ತು ವರ್ಷದ ಅಂತರದಲ್ಲಿ ಹುಟ್ಟಿದ ಮಕ್ಕಳಲ್ಲಿ ಹಲವರು ಈಗ ಮತದಾರರು. ದರ ಇಳಿದರೂ ಯುವಜನ ಹೆಚ್ಚಿರೋದರಿಂದ ಅಲ್ಲಿ ಜನಸಂಖ್ಯೆ ಇನ್ನೂ ಕೆಲ ಕಾಲ ಬೆಳೆಯುತ್ತೆ. ಗುಳ್ಳೆ ಕೆಳಗಿಳಿಯುತ್ತಲೇ ದಪ್ಪ ಆಗ್ತಿರುತ್ತೆ! ಎರಡೂ ಸತ್ಯ. ಎರಡನ್ನೂ ಒಂದೇ ನೋಟದಲ್ಲಿ ತೋರಿಸೋದೇ ಈ ಗ್ರಾಫ್‌ನ ತಾಕತ್ತು. ಸೀಟು ಹೇಗೆ ಹಂಚಬೇಕು ಅಂತ ಅದು ಹೇಳಲ್ಲ. ಅದು ರಾಜಕೀಯ ತೀರ್ಮಾನ. ಆದ್ರೆ ಸುಳ್ಳು ಫೋಟೊ ಇಟ್ಕೊಂಡು ಆ ತೀರ್ಮಾನ ಮಾಡಬೇಡಿ ಅನ್ನುತ್ತೆ.

ಹಾಗಾದ್ರೆ ಗ್ರಾಫ್ ಹೇಳಿದ್ದೆಲ್ಲ ವೇದವಾಕ್ಯವಾ? ಖಂಡಿತ ಅಲ್ಲ. ಕೆಲವು ಎಚ್ಚರಿಕೆ ಬೇಕು.

ಮೊದಲನೆಯದು, ಗುಳ್ಳೆ ಅಂದ್ರೆ ಸರಾಸರಿ. ಕರ್ನಾಟಕ ಅನ್ನೋ ಒಂದೇ ಗುಳ್ಳೆಯೊಳಗೆ ಮಂಗಳೂರೂ ಇದೆ, ಯಾದಗಿರಿಯೂ ಇದೆ. ಗುಳ್ಳೆ ಒಡೆದು ಜಿಲ್ಲೆಗಳಾಗಿ ಹರಡಿದರೆ ಬೇರೆಯದೇ ಚಿತ್ರ ಕಾಣುತ್ತೆ.

ಎರಡನೆಯದು, ಗುಳ್ಳೆಯ ಗಡಿಯೇ ಬದಲಾಗಿರಬಹುದು. 1992ರ ಉತ್ತರ ಪ್ರದೇಶದಲ್ಲಿ ಇಂದಿನ ಉತ್ತರಾಖಂಡ ಸೇರಿತ್ತು, ಬಿಹಾರದಲ್ಲಿ ಜಾರ್ಖಂಡ್ ಸೇರಿತ್ತು. ಎರಡೂ 2000ದಲ್ಲಿ ಬೇರೆಯಾದವು.

ಮೂರನೆಯದು, ಅಂಕಿಗಳ ನಡುವಿನ ಖಾಲಿ ಜಾಗ. ಸಮೀಕ್ಷೆ ನಡೆಯೋದು ಹಲವು ವರ್ಷಕ್ಕೊಮ್ಮೆ. ಗುಳ್ಳೆ ಮಾತ್ರ ಪ್ರತಿ ವರ್ಷ ನುಣುಪಾಗಿ ಜಾರುತ್ತೆ. ಆ ನುಣುಪು ಕಂಪ್ಯೂಟರ್ ತುಂಬಿಸಿದ್ದು. 1800ರ ಕಾಲದ ಅಂಕಿಗಳಂತೂ ಬಹುಪಾಲು ಅಂದಾಜು.

ನಾಲ್ಕನೆಯದು, ಜತೆಯಾಗಿ ಓಡಿದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೀತಿದೆ ಅಂತಲ್ಲ. ಸಾಕ್ಷರತೆ ಏರಿತು, ಮಕ್ಕಳ ಸಂಖ್ಯೆ ಇಳಿಯಿತು, ನಿಜ. ಅದೇ ಕಾಲಕ್ಕೆ ಆಸ್ಪತ್ರೆ ಬಂತು, ಲಸಿಕೆ ಬಂತು, ಮದುವೆ ವಯಸ್ಸು ಏರಿತು. ಯಾವುದರ ಪಾಲೆಷ್ಟು ಅಂತ ಗುಳ್ಳೆ ಹೇಳಲ್ಲ.

ಇನ್ನೊಂದು ನಮ್ಮ ಕಣ್ಣಿನ ಮಿತಿ. ಓಡ್ತಿರೋ ವಸ್ತುಗಳಲ್ಲಿ ನಾಲ್ಕೈದಕ್ಕಿಂತ ಹೆಚ್ಚನ್ನು ಏಕಕಾಲಕ್ಕೆ ಹಿಂಬಾಲಿಸೋದು ನಮ್ಮ ಕಣ್ಣಿಗೆ ಕಷ್ಟ. ಇಲ್ಲಿ ಗುಳ್ಳೆಗಳು ನೂರಾರು. 2008ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಜಾರ್ಜಿಯಾ ಟೆಕ್ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಜನಕ್ಕೆ ಆ್ಯನಿಮೇಷನ್ ಬಹಳ ಇಷ್ಟವಾಯ್ತು. ಆದರೆ ತಾವೇ ಉತ್ತರ ಹುಡುಕುವಾಗ, ಪ್ರತಿ ದೇಶದ ದಾರಿಯನ್ನು ಬಿಡಿಬಿಡಿ ಸಣ್ಣ ಚಿತ್ರಗಳಲ್ಲಿ ತೋರಿಸಿದ್ದೇ ಹೆಚ್ಚು ನಿಖರ ಅಂತ ಕಂಡುಬಂತು. ಅಂದ್ರೆ ಯಾರೋ ಪಕ್ಕದಲ್ಲಿ ನಿಂತು "ಈ ಗುಳ್ಳೆ ನೋಡಿ" ಅಂತ ಕಥೆ ಹೇಳಿದಾಗ ಆ್ಯನಿಮೇಷನ್ ಚೆನ್ನ. ಆದ್ರೆ ಆಗ ನೀವು ನೋಡೋದು ಅವರು ಬೆರಳು ಮಾಡಿದ ಗುಳ್ಳೆಯನ್ನು ಮಾತ್ರ. ಪಕ್ಕದ ಗುಳ್ಳೆ ಬೇರೆ ಕಥೆ ಹೇಳ್ತಿರಬಹುದು.

ಅದಕ್ಕೇ ಮೌಸ್ ನಿಮ್ಮ ಕೈಯಲ್ಲಿರಲಿ ಅಂತ ನಾನು ಹೇಳೋದು. ರೋಸ್ಲಿಂಗ್ ಕುಟುಂಬ ಕಟ್ಟಿದ ಗ್ಯಾಪ್‌ಮೈಂಡರ್ ಸಂಸ್ಥೆಯ ತಾಣದಲ್ಲಿ ಈ ಗ್ರಾಫ್ ಉಚಿತವಾಗಿದೆ. ಹಾನ್ಸ್ 2017ರಲ್ಲಿ ತೀರಿಕೊಂಡರು, ಕೆಲಸ ನಿಂತಿಲ್ಲ. ಪ್ಲೇ ಒತ್ತಿ ಸುಮ್ಮನೆ ಕೂರಬೇಡಿ. ಎರಡು ಮೂರು ದೇಶ ಆರಿಸಿಕೊಂಡು ಅವುಗಳ ಹೆಜ್ಜೆಗುರುತು ಉಳಿಯೋ ಹಾಗೆ ಮಾಡಿ. ಬಿದ್ದ ಜಾಗದಲ್ಲಿ ನಿಲ್ಲಿಸಿ, ಆ ವರ್ಷ ಏನಾಯ್ತು ಅಂತ ಹುಡುಕಿ. ಆದಾಯ ತೆಗೆದು ಬೇರೊಂದು ಸಂಗತಿ ಹಾಕಿ, ಕಥೆ ನಿಲ್ಲುತ್ತಾ ನೋಡಿ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಜತೆಗೆ ಕೂರಿಸಿಕೊಳ್ಳಿ, ಅವರು ನಿಮಗಿಂತ ಬೇಗ ಕಲೀತಾರೆ.

ನಮ್ಮ ಚಾನೆಲ್ಲೇ ಇರಲಿ, ಬೇರೆಯದೇ ಇರಲಿ, ಪರದೆ ಮೇಲೆ ಅಂಕಿ ಬಂದಾಗ ಮೂರು ಪ್ರಶ್ನೆ ಕೇಳಿ. ಇದಕ್ಕೆ ಮುಂಚೆ ಎಷ್ಟಿತ್ತು? ಪಕ್ಕದವರದ್ದು ಎಷ್ಟು? ಈ ಸರಾಸರಿಯ ಒಳಗೆ ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ? ಮೂರಕ್ಕೂ ಉತ್ತರ ಸಿಗೋವರೆಗೆ ಆ ಅಂಕಿ ಹಿಡ್ಕೊಂಡು ಯಾರ ಮೇಲೂ ಜಗಳಕ್ಕೆ ಹೋಗಬೇಡಿ.