ಮನಸ್ಸಿನ ಕಾಯಿಲೆಗೂ ಮದ್ದುಂಟು

ರಾಗಿಗೆ ಬೆಂಕಿರೋಗ ಬಂದರೆ ತಾವು ಕೂಡಲೇ ನನಗೆ ಹೇಳಿಕಳಿಸುತ್ತೀರಿ. ಮನೆಯ ಯಜಮಾನರು 15 ದಿನದಿಂದ ನಿದ್ದೆ, ಊಟ ಬಿಟ್ಟು, ಹೊಲದ ಕಡೆಗೂ ಹೋಗದೆ ಕುಳಿತರೆ ಮಾತ್ರ ‘ಗಾಳಿ ಸೋಕಿದೆ’ ಎಂದು ಮುಚ್ಚಿಡುತ್ತೀರಿ. ಇದೂ ಕಾಯಿಲೆಯೇ; ಚಿಕಿತ್ಸೆಯಿಂದ ವಾಸಿಯಾಗತಕ್ಕದ್ದು. ಹಳ್ಳಿಯ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದಕ್ಕೆ ಮದ್ದು ಕೊಡಬಹುದೆಂದು ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಈಗಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

‘ಇನ್ನು ಬದುಕಿ ಏನು ಫಲ’ ಎಂಬ ಮಾತು ಬಂದರೆ ಗದರಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದಿರಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಅಂದೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿರಿ. (ಔಷಧಿಯ ಅಳತೆ ಹೇಳಿಕೊಡುವ ನಾನು ಇದನ್ನು ಮೊದಲೇ ಹೇಳಬೇಕಿತ್ತು.) ಬಳಿಕ 14416ಕ್ಕೆ ಫೋನು ಮಾಡಿರಿ. 2022ರಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆ ಹಗಲೂ ರಾತ್ರಿ ಉಂಟು. ಕನ್ನಡದಲ್ಲಿ ಮಾತನಾಡುತ್ತಾರೆ, ಖರ್ಚಿಲ್ಲ. ಮನೆಯವರೂ ಕೇಳಬಹುದು.

ವಿಷ ಕುಡಿದೇಬಿಟ್ಟಿದ್ದರೆ 108ಕ್ಕೆ ಹೇಳಿರಿ. ಹುಣಸೆನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ವೈದ್ಯರಿಗೆ ತೋರಿಸಿರಿ. ಪೊಲೀಸು, ಕೋರ್ಟು ಎಂದು ಹೆದರಿ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು, ಶಿಕ್ಷಿಸತಕ್ಕದ್ದಲ್ಲ.