ಉದ್ದವಾದಷ್ಟೂ ಒಳ್ಳೆಯದೇ? ಮನೆಯಲ್ಲೇ ಮಾಡುವ ಎಫ್‌ಎಂ ಆಂಟೆನಾ

ಜಮಖಂಡಿಯ ಒಂದು ಮನೆಯಲ್ಲಿ ಮ್ಯೂಸಿಕ್ ಸಿಸ್ಟಮ್ ಇದೆ ಎಂದುಕೊಳ್ಳಿ. ಸಿ.ಡಿ. ಹಾಕಿದರೆ ಧ್ವನಿ ಸ್ವಚ್ಛ. ವಿಜಯಪುರ ಆಕಾಶವಾಣಿಯ 101.8 ಮೆಗಾಹರ್ಟ್ಸ್ ಎಫ್‌ಎಂಗೆ ತಿರುಗಿಸಿದರೆ ಮಾತಿನ ಜೊತೆಗೆ ‘ಸುಯ್’ ಎಂಬ ಸದ್ದು. ಆಗ ಸೆಟ್ಟಿನ ಹಿಂದಿನ ತಂತಿಗೆ ಇನ್ನಷ್ಟು ತಂತಿ ಗಂಟು ಹಾಕಿ ಕಿಟಕಿಯಾಚೆ ಎಸೆಯುವುದುಂಟು. ಕೆಲವೊಮ್ಮೆ ಫಲ ಸಿಗುತ್ತದೆ. ಕೆಲವೊಮ್ಮೆ ಸದ್ದು ಇನ್ನೂ ಹೆಚ್ಚುತ್ತದೆ. ಏಕೆಂದರೆ ಆಂಟೆನಾ ಉದ್ದವಾದಷ್ಟೂ ಒಳ್ಳೆಯದು ಎಂಬುದು ತಪ್ಪು ಕಲ್ಪನೆ. ಅಳತೆ, ದಿಕ್ಕು, ಎತ್ತರ ಈ ಮೂರೂ ಸರಿಯಾಗಿರಬೇಕು.

ಅಳತೆ ಎಷ್ಟು?

ರೇಡಿಯೊ ಅಲೆಯ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. 300ನ್ನು 101.8ರಿಂದ ಭಾಗಿಸಿ: ಸುಮಾರು 2.95 ಮೀಟರ್. ಇದರ ಅರ್ಧದಷ್ಟು ಉದ್ದದ ತಂತಿಯು ಆ ಅಲೆಗೆ ಅನುರಣಿಸುತ್ತದೆ. ತಂತಿಯ ತುದಿಗಳ ಪರಿಣಾಮದಿಂದ ಈ ಉದ್ದವನ್ನು ಶೇಕಡಾ 5ರಷ್ಟು ಕಡಿಮೆ ಮಾಡಬೇಕು. ಆಗ ಉಳಿಯುವುದು 1.40 ಮೀಟರ್. ಇದನ್ನು ನಡುವೆ ಕತ್ತರಿಸಿದರೆ 70 ಸೆಂಟಿಮೀಟರಿನ ಎರಡು ತೋಳುಗಳು. ಇದೇ ಡೈಪೋಲ್ ಆಂಟೆನಾ.

ಧಾರವಾಡದ 765 ಕಿಲೋಹರ್ಟ್ಸ್ ಮಧ್ಯಮ ತರಂಗಕ್ಕೆ ಇದೇ ಲೆಕ್ಕ ಹಾಕಿದರೆ ಅರ್ಧ ತರಂಗದೂರವೇ ಸುಮಾರು 196 ಮೀಟರ್! ಅದಕ್ಕಾಗಿಯೇ ಮಧ್ಯಮ ತರಂಗಕ್ಕೆ ರೇಡಿಯೊದೊಳಗೆ ಫೆರೈಟ್ ಕಡ್ಡಿಗೆ ಸುತ್ತಿದ ಸುರುಳಿಯನ್ನು ಬಳಸುತ್ತಾರೆ.

ಕಟ್ಟುವುದು ಹೇಗೆ?

ಒಂದೂವರೆ ಮೀಟರ್ ಪಿ.ವಿ.ಸಿ. ಪೈಪು, ಮನೆ ವೈರಿಂಗಿನ ತಾಮ್ರದ ತಂತಿ, ಟಿ.ವಿ.ಗೆ ಬಳಸುವ 75 ಓಮ್ ಡಿಶ್ ಕೇಬಲ್ ಇಷ್ಟಿದ್ದರೆ ಸಾಕು. ಎರಡೂ ತೋಳುಗಳನ್ನು ಒಂದೇ ಗೆರೆಯಲ್ಲಿ ಪೈಪಿಗೆ ಕಟ್ಟಿ. ನಡುವೆ ಎರಡು ಸೆಂಟಿಮೀಟರ್ ಅಂತರವಿರಲಿ. ಕೇಬಲಿನ ನಡುತಂತಿಯನ್ನು ಒಂದು ತೋಳಿಗೆ, ಹೊರಜಾಲರಿಯನ್ನು ಇನ್ನೊಂದಕ್ಕೆ ಬೆಸುಗೆ ಹಾಕಿ, ನೀರು ಇಳಿಯದಂತೆ ಟೇಪು ಸುತ್ತಿ. ಡೈಪೋಲಿನ ಪ್ರತಿಬಾಧೆ ಸುಮಾರು 73 ಓಮ್ ಆದ್ದರಿಂದ 75 ಓಮ್ ಕೇಬಲ್ ಅದಕ್ಕೆ ಸರಿಹೊಂದುತ್ತದೆ. ಕೇಬಲಿನ ಇನ್ನೊಂದು ತುದಿಯನ್ನು ಸೆಟ್ಟಿನ ಹಿಂದೆ ‘75 ಓಮ್’ ಎಂದು ಬರೆದಿರುವಲ್ಲಿ ಜೋಡಿಸಿ.

ಮನೆಯೊಳಗಿನ ಚಾರ್ಜರ್, ಎಲ್‌ಇಡಿ ದೀಪ, ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ವಿದ್ಯುತ್ ಮಗ್ಗದ ಮೋಟಾರು ಇವೆಲ್ಲ ವಿದ್ಯುತ್ ಗದ್ದಲವನ್ನು ಹುಟ್ಟಿಸುತ್ತವೆ. ಬರಿಯ ತಂತಿ ಅದನ್ನೂ ಹೀರಿಕೊಳ್ಳುತ್ತದೆ; ಕೇಬಲಿನ ಜಾಲರಿ ಬಹುಮಟ್ಟಿಗೆ ತಡೆಯುತ್ತದೆ.

ಯಾವ ದಿಕ್ಕಿಗೆ?

ಡೈಪೋಲ್ ತನ್ನ ಅಗಲದ ಎದುರಿನಿಂದ ಬರುವ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಗಳ ಕಡೆಯಿಂದ ಬರುವುದನ್ನು ಬಹಳ ಕಡಿಮೆ. ನಕಾಶೆ ನೋಡಿ. ಬೀಳಗಿಗೆ ವಿಜಯಪುರ ಹೆಚ್ಚುಕಡಿಮೆ ಉತ್ತರಕ್ಕಿದೆ; ಅಲ್ಲಿ ಪೈಪು ಪೂರ್ವ-ಪಶ್ಚಿಮವಾಗಿರಬೇಕು. ಜಮಖಂಡಿ, ಮುಧೋಳಗಳಿಗೆ ಅದು ಈಶಾನ್ಯ. ಅಲ್ಲಿ ಪೈಪು ವಾಯವ್ಯ-ಆಗ್ನೇಯವಾಗಿರಲಿ. ರಬಕವಿ-ಬನಹಟ್ಟಿಗೆ ಈಶಾನ್ಯದಿಂದ ತುಸು ಪೂರ್ವಕ್ಕೆ. ಪೈಪನ್ನು ಲಂಬವಾಗಿ ನಿಲ್ಲಿಸಿಯೂ ಕೇಳಿ ನೋಡಿ. ಯಾವುದು ಉತ್ತಮವೋ ಹಾಗೆ ಬಿಗಿಯಿರಿ.

ಎತ್ತರವೇಕೆ?

ಎಫ್‌ಎಂ ಅಲೆಗಳು ಬಹುತೇಕ ನೇರವಾಗಿ ಸಾಗುತ್ತವೆ. ಮೀಟರುಗಳಲ್ಲಿ ಅಳೆದ ಎರಡೂ ಆಂಟೆನಾಗಳ ಎತ್ತರದ ವರ್ಗಮೂಲಗಳನ್ನು ಕೂಡಿಸಿ 4.1ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಪ್ರೇಷಕ ಗೋಪುರ 100 ಮೀಟರ್ ಎಂದು ಭಾವಿಸೋಣ. ನಿಮ್ಮ ಆಂಟೆನಾ 1 ಮೀಟರ್ ಎತ್ತರದಲ್ಲಿದ್ದರೆ ದಿಗಂತ 45 ಕಿ.ಮೀ.; 9 ಮೀಟರಿಗೆ ಏರಿಸಿದರೆ 53 ಕಿ.ಮೀ. ವಿಜಯಪುರದಿಂದ ಬೀಳಗಿ, ಜಮಖಂಡಿಗಳ ನೇರ ಅಂತರ 55 ಕಿ.ಮೀ. ಆಸುಪಾಸು, ಮುಧೋಳ, ರಬಕವಿ-ಬನಹಟ್ಟಿ 70 ಕಿ.ಮೀ. ದಾಟುತ್ತವೆ. ದಿಗಂತದಾಚೆ ಅಲೆ ಪೂರ್ತಿ ಅಳಿಯುವುದಿಲ್ಲ, ಕ್ಷೀಣಿಸುತ್ತದೆ. ಹೀಗಾಗಿ ಮಾಳಿಗೆಯ ಮೇಲೇರಿಸಿದ ಪ್ರತಿ ಮೀಟರೂ ಲಾಭವೇ. ಆದರೂ ಸದ್ದು ಉಳಿದರೆ ಸೆಟ್ಟನ್ನು ಮೋನೊಗೆ ಬದಲಿಸಿ; ಸ್ಟೀರಿಯೊಗೆ ಹೆಚ್ಚು ಬಲವಾದ ಸಂಕೇತ ಬೇಕು.

ಎಚ್ಚರ

ವಿದ್ಯುತ್ ತಂತಿಯ ಸಮೀಪ ಪೈಪನ್ನು ಎತ್ತಲೇಬೇಡಿ. ಅದು ಬಿದ್ದರೂ ತಂತಿಗೆ ತಾಗದಷ್ಟು ದೂರವಿರಲಿ. ಮೋಡ ಕವಿಯುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗಿಡಿ. ಗುಡುಗು ಶುರುವಾಗಿದ್ದರೆ ಅದನ್ನು ಮುಟ್ಟಬೇಡಿ.

ತರಗತಿಯಲ್ಲಿ

ಎಫ್‌ಎಂನಲ್ಲಿ ಸಂಕೇತ ಕುಗ್ಗಿದರೆ ಧ್ವನಿ ಸಣ್ಣದಾಗುವುದಿಲ್ಲ, ‘ಸುಯ್’ ಸದ್ದು ಏರುತ್ತದೆ. ಆಂಟೆನಾವನ್ನು 30 ಡಿಗ್ರಿಯಂತೆ ತಿರುಗಿಸುತ್ತ, ಆ ಸದ್ದಿಗೆ 0ಯಿಂದ 5ರವರೆಗೆ ಅಂಕ ಕೊಡಲು ವಿದ್ಯಾರ್ಥಿಗಳಿಗೆ ಹೇಳಿ. ಬೀಳಗಿಯ ಮಕ್ಕಳ ಪಟ್ಟಿಯನ್ನು ಬನಹಟ್ಟಿಯ ಮಕ್ಕಳ ಪಟ್ಟಿಯೊಂದಿಗೆ ಹೋಲಿಸಿ. ಎರಡೂ ಊರುಗಳಿಂದ ಎಳೆದ ಗೆರೆಗಳು ನಕಾಶೆಯಲ್ಲಿ ಎಲ್ಲಿ ಕೂಡುತ್ತವೆ? ವಿಜಯಪುರದ ಹತ್ತಿರವೇ ಕೂಡಿದರೆ, ಮಕ್ಕಳು ಕಣ್ಣಿಗೆ ಕಾಣದ ಗೋಪುರವನ್ನು ಕಿವಿಯಿಂದಲೇ ಪತ್ತೆಹಚ್ಚಿದಂತಾಯಿತು.