ಕವಡೆ ಕಲಿಸುವ ಗಣಿತ

ರಜೆಯಲ್ಲಿ ಊರಿಗೆ ಹೋದಾಗ ಚೌಕಾಬಾರ ಆಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಹೈದರಾಬಾದಿನಲ್ಲಿ ಬೆಳೆದವರು ಇದೇ ಆಟವನ್ನು ಅಷ್ಟಾ ಚಮ್ಮಾ ಎಂಬ ಹೆಸರಿನಲ್ಲಿ ಬಲ್ಲಿರಿ. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಕವಡೆ ಬಾಯಿ ಮೇಲಾಗಿ, ಅಂದರೆ ಅಂಗಾತ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ.

ಚೌಕ ಹೆಚ್ಚು ಸಲ ಬೀಳುತ್ತದೆಯೋ, ಬಾರವೋ? ನೀವು ಶಾಲೆಯಲ್ಲಿ ಪ್ರಾಬಬಿಲಿಟಿ ಎಂದು ಕಲಿಯುವ, ಕನ್ನಡದಲ್ಲಿ ಸಂಭವನೀಯತೆ ಎನ್ನುವ ಗಣಿತದೊಳಗೆ ಹೋಗಲು ಈ ಒಂದು ಪ್ರಶ್ನೆ ಸಾಕು.

ಎಣಿಸಿ ತಿಳಿಯುವುದು

ಮೊದಲು ಕವಡೆಯ ಬದಲು ನಾಲ್ಕು ನಾಣ್ಯಗಳನ್ನು ತೆಗೆದುಕೊಳ್ಳಿ. ಪ್ರತಿ ನಾಣ್ಯ ಎರಡು ರೀತಿಯಲ್ಲಿ ಬೀಳಬಹುದು. ಆದ್ದರಿಂದ ಒಟ್ಟು ಫಲಿತಾಂಶಗಳು 2×2×2×2, ಅಂದರೆ 16. ಇವುಗಳಲ್ಲಿ ನಾಲ್ಕೂ ಹೆಡ್ ಆಗುವುದು ಒಂದೇ ರೀತಿ. ನಾಲ್ಕೂ ಟೇಲ್ ಆಗುವುದೂ ಒಂದೇ ರೀತಿ. ಸರಿಯಾಗಿ ಎರಡು ಹೆಡ್ ಬರುವುದಕ್ಕೆ 6 ರೀತಿಗಳಿವೆ. ಹಾಗಾಗಿ ನಾಣ್ಯಗಳಲ್ಲಿ ಚೌಕಕ್ಕೂ ಬಾರಕ್ಕೂ ಸಂಭವನೀಯತೆ ಸಮ: 1/16. ಒಂದು ನಾಣ್ಯವನ್ನೂ ಚಿಮ್ಮದೆ ಕುಳಿತಲ್ಲೇ ಲೆಕ್ಕ ಹಾಕಿದೆವು. ಇದು ಸೈದ್ಧಾಂತಿಕ ಸಂಭವನೀಯತೆ. ಆದರೆ ಇದರ ಬುಡದಲ್ಲಿ ಒಂದು ಊಹೆ ಇದೆ: ನಾಣ್ಯದ ಎರಡೂ ಮುಖಗಳಿಗೆ ಸಮಾನ ಅವಕಾಶವಿದೆ ಎಂಬುದು.

ಎಸೆದು ತಿಳಿಯುವುದು

ಈಗ ಕವಡೆಯನ್ನು ಕೈಗೆತ್ತಿಕೊಳ್ಳಿ. ಒಂದು ಬದಿ ಗುಬುಟಾಗಿದೆ. ಇನ್ನೊಂದು ಬದಿ ಚಪ್ಪಟೆ, ನಡುವೆ ಸೀಳು. ಬೀಳುವ ರೀತಿ ಎರಡೇ ಎಂದ ಮಾತ್ರಕ್ಕೆ ಅರ್ಧಕ್ಕರ್ಧ ಎನ್ನಲಾದೀತೇ? ಇಲ್ಲಿ ಎಸೆದೇ ನೋಡಬೇಕು. 100 ಸಲ ಎಸೆದಾಗ 60 ಸಲ ಅಂಗಾತ ಬಿತ್ತು ಎಂದಿಟ್ಟುಕೊಳ್ಳಿ. ಆಗ 60/100 ಎಂಬುದು ಆ ಕವಡೆಯ ಪ್ರಾಯೋಗಿಕ ಸಂಭವನೀಯತೆ.

ಅಂಥ ನಾಲ್ಕು ಕವಡೆಗಳಿದ್ದರೆ ಚೌಕದ ಸಂಭವನೀಯತೆ 0.6 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.13. ಬಾರದ್ದು 0.4 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.026. ಚೌಕ ಐದು ಪಟ್ಟು ಹೆಚ್ಚು! ಪ್ರಯೋಗ ಕೊಟ್ಟ ಅಂಕಿಯ ಮೇಲೆ ಸಿದ್ಧಾಂತ ತನ್ನ ಲೆಕ್ಕ ಕಟ್ಟಿತು. ಇವೆರಡೂ ಎದುರಾಳಿಗಳಲ್ಲ, ಜೊತೆಗಾರರು.

ಎಷ್ಟು ಸಲ ಎಸೆದರೆ ಸಾಕು?

ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಬರೆದಿಟ್ಟರು. ಮೊದಲ 100ರಲ್ಲಿ ಹೆಡ್ 44; ಕೊನೆಗೆ ಒಟ್ಟು 5,067. ಅರ್ಧಕ್ಕಿಂತ ಇದ್ದ ವ್ಯತ್ಯಾಸ 6ರಿಂದ 67ಕ್ಕೆ ಏರಿತು. ಆದರೆ ಶೇಕಡಾವಾರು ಲೆಕ್ಕ 44ರಿಂದ 50.67ಕ್ಕೆ, ಅರ್ಧದ ಹತ್ತಿರ ಬಂತು. ಎಸೆತ ಹೆಚ್ಚಿದಂತೆ ಅನುಪಾತ ನಿಜವಾದ ಬೆಲೆಯ ಸಮೀಪಕ್ಕೆ ಬರುತ್ತದೆಂದು ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ್ದು 1713ರಲ್ಲಿ ಪ್ರಕಟವಾಗಿತ್ತು.

ಗಮನಿಸಿ, ನಾಣ್ಯ ಹಳೆಯ ಬಾಕಿ ತೀರಿಸುವುದಿಲ್ಲ. "ಇಷ್ಟು ಹೊತ್ತು ಬಾರ ಬಿದ್ದಿಲ್ಲ, ಇನ್ನು ಬಿದ್ದೇ ಬೀಳುತ್ತದೆ" ಎನ್ನುವುದು ಬರೀ ಆಸೆ. ಲಾಟರಿ, ಜೂಜುಗಳಲ್ಲಿ ಮನೆ ಕಳೆದುಕೊಂಡವರನ್ನು ಕೆಡಿಸಿದ್ದೂ ಇದೇ ಆಸೆ. "ಆದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ, ಐವತ್ತು-ಐವತ್ತು" ಎಂಬ ಮಾತೂ ಅಷ್ಟೇ ಟೊಳ್ಳು. ಮಳೆಯ ಮುನ್ಸೂಚನೆಯಾಗಲಿ, ವಿಮೆಯ ಕಂತಾಗಲಿ ಎರಡೇ ಸಾಧ್ಯತೆ ಎಂದು ಅರ್ಧ ಭಾಗ ಮಾಡಿ ಹುಟ್ಟಿದ್ದಲ್ಲ. ವರ್ಷಗಟ್ಟಲೆ ಕೂಡಿಟ್ಟ ದಾಖಲೆಗಳ ನೆರವು ಅವಕ್ಕೆ ಬೇಕು.

ನೀವೇ ಮಾಡಿ ನೋಡಿ. ನಾಲ್ಕು ಕವಡೆಗಳನ್ನು ಒಂದೊಂದಾಗಿ 100 ಸಲ ಎಸೆದು ಬರೆದುಕೊಳ್ಳಿ. ಚೌಕ, ಬಾರ ಎಷ್ಟು ಬೀಳಬೇಕೆಂದು ಮೊದಲೇ ಲೆಕ್ಕ ಹಾಕಿ. ನಂತರ ನಾಲ್ಕನ್ನೂ ಒಟ್ಟಿಗೆ 200 ಸಲ ಎಸೆಯಿರಿ. ಲೆಕ್ಕಕ್ಕೂ ಕಂಡದ್ದಕ್ಕೂ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಅದು ತೀರಾ ದೊಡ್ಡದಾದರೆ ಕವಡೆಯನ್ನು ಬೈಯಬೇಡಿ. ನಿಮ್ಮ ಯಾವ ಊಹೆ ತಪ್ಪಿತು ಎಂದು ಹುಡುಕಿ.